ಅರಿಶಿನ ಕುಡಿದ ರೇಡಿಯೇಟರ್

ದಾಕ್ಷಾಯಿಣಿ ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಬಂದಳು. ಕಾರಿನ ಬಾನೆಟ್ಟನ್ನು ಸದ್ದಾಗದಂತೆ ಎತ್ತಿ ಕಡ್ಡಿ ಆನಿಸಿದಳು. ನನ್ನ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುಗಿಸಿದಳು. ಮಡಿಲಲ್ಲಿ ತಂದಿದ್ದ ಒಂದು ಹಿಡಿ ಅರಿಶಿನದ ಪುಡಿಯನ್ನು ಚೊಂಬಿನ ನೀರಿಗೆ ಹಾಕಿ, ಬೆರಳಿನಿಂದ ಕಲಕಿ, ನನ್ನ ಬಾಯಿಗೆ ನಿಧಾನವಾಗಿ ಹೊಯ್ದಳು. ಆಮೇಲೆ ಮುಚ್ಚಳ ಬಿಗಿದು, ತುಳುಕಿದ ಹನಿಗಳನ್ನು ಒರೆಸಿ, ಬಾನೆಟ್ಟು ಇಳಿಸಿದಳು. ಕಾರಿನ ಕೆಳಗೆ ಬಗ್ಗಿ ನೋಡಿದಳು. ನೆಲದಲ್ಲಿದ್ದ ಒದ್ದೆಯ ಮೇಲೆ ಕಾಲಿನಿಂದ ಮಣ್ಣು ಎಳೆದು ಮುಚ್ಚಿದಳು. ಒಳಗೆ ಅವಳ ಗಂಡ ಇನ್ನೂ ಮಲಗಿದ್ದ.

ನಾನು ಒಂದು ರೇಡಿಯೇಟರ್. ಡೀಸೆಲ್ ಕಾರಿನ ಮುಂಭಾಗದಲ್ಲಿ ಗಾಳಿಗೆ ಮುಖ ಕೊಟ್ಟು ನಿಲ್ಲುವುದು ನನ್ನ ಕೆಲಸ. ಇಂಜಿನ್ನಿನೊಳಗೆ ಸುತ್ತಿ ಕಾದ ನೀರು ಮೇಲಿನಿಂದ ನನ್ನೊಳಗೆ ಬರುತ್ತದೆ. ನನ್ನ ಸಣ್ಣ ಕೊಳವೆಗಳಲ್ಲಿ ಇಳಿದು, ತಣ್ಣಗಾಗಿ, ಕೆಳಗಿನಿಂದ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಯಾರೂ ನನ್ನನ್ನು ನೆನೆಯುವುದಿಲ್ಲ. ನೆನೆದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ನನ್ನೊಳಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಎಲ್ಲಿಂದಲಾದರೂ ಗುಳ್ಳೆ ಬರುತ್ತದೆಯೇ ಎಂದು ಒಬ್ಬ ಹೆಂಗಸು ಬಗ್ಗಿ ನೋಡಿದಳು. ಬರಲಿಲ್ಲ. ಅವಳು ನನ್ನ ಮೈಮೇಲೆ ಬಣ್ಣದ ಗುರುತು ಹಾಕಿ ಮುಂದಕ್ಕೆ ತಳ್ಳಿದಳು. ಅಷ್ಟು ನಿರ್ಮಲವಾಗಿ ನಾನು ಮತ್ತೆಂದೂ ಇರಲಿಲ್ಲ.

ಮೊದಲು ನಮ್ಮ ಕಾರು ಮೈಸೂರಿನ ಒಬ್ಬ ಕಣ್ಣಿನ ಡಾಕ್ಟರ ಮನೆಯಲ್ಲಿತ್ತು. ಅವರು ನನಗೆ ಹಸಿರು ಬಣ್ಣದ ಕೂಲೆಂಟ್ ಹಾಕಿಸುತ್ತಿದ್ದರು. ಆಸ್ಪತ್ರೆ, ಮನೆ, ಅಪರೂಪಕ್ಕೆ ನಂಜನಗೂಡು. ಅಷ್ಟೇ ನಮ್ಮ ಓಡಾಟ. ನೆರಳಿನಲ್ಲಿ ನಿಂತು ನಿಂತು ನನಗೆ ವಯಸ್ಸಾಯಿತು. ಅವರು ಹೊಸ ಕಾರು ತಂದ ಮೇಲೆ ಗುರುಮಲ್ಲಪ್ಪ ಎಂಬವನು ನಮ್ಮನ್ನು ಕೊಂಡ.

ಗುರುಮಲ್ಲಪ್ಪನದು ಚಾಮರಾಜನಗರದ ಕಡೆಯ ಊರು. ಹೊಲದಲ್ಲಿ ಅರಿಶಿನ ಬೆಳೆಯುತ್ತಿದ್ದ. ಕಾರನ್ನು ಬಾಡಿಗೆಗೆ ಬಿಟ್ಟಿದ್ದ. ಓಡಿಸಲು ಹೆಂಡತಿ ದಾಕ್ಷಾಯಿಣಿಯ ತಮ್ಮ ಮಲ್ಲುವನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ಮಲ್ಲು ಹೊರಡುವ ಮೊದಲು ಚಕ್ರ ನೋಡುತ್ತಿದ್ದ, ಎಣ್ಣೆ ನೋಡುತ್ತಿದ್ದ, ನನ್ನ ನೀರು ನೋಡುತ್ತಿದ್ದ. ಏರು ಬಂದರೆ ಏಸಿ ಆರಿಸಿ, "ಕಿಟ್ಕಿ ಇಳುಸ್ಕಳಿ ಸಾ, ಬೆಟ್ಟದ್ ಗಾಳಿ ಒಳ್ಳೇದು," ಎಂದು ಹಿಂದೆ ಕೂತವರಿಗೆ ಹೇಳುತ್ತಿದ್ದ. ಅದು ಅವರಿಗಲ್ಲ, ನನ್ನ ಹೊರೆ ಇಳಿಸಲು ಎಂಬುದು ನನಗೆ ಗೊತ್ತಿತ್ತು.

ಗುರುಮಲ್ಲಪ್ಪ ಕೆಟ್ಟವನಲ್ಲ. ಆದರೆ ಹೆಂಡತಿಯ ತವರಿನ ವಿಷಯ ಬಂದರೆ ನಾಲಗೆ ನಿಲ್ಲುತ್ತಿರಲಿಲ್ಲ. ಟೈರು ಪಂಚರಾದರೂ, "ನಿಮ್ಮ ಮನೆಯವ್ರು ಮುಟ್ಟುದ್ ಮೇಲ ಕೇಳ್ಬೇಕಾ," ಎನ್ನುತ್ತಿದ್ದ. ಊಟಕ್ಕೆ ಕೂತಾಗ ಹೇಳುತ್ತಿದ್ದ. ಮಲ್ಲು ಅನ್ನದ ಮೇಲೆ ಕಣ್ಣಿಟ್ಟು ಉಣ್ಣುತ್ತಿದ್ದ.

ಜಲ್ಲಿ ಹರಡಿದ ರಸ್ತೆಯಲ್ಲಿ ಒಂದು ದಿನ ಲಾರಿಯ ಚಕ್ರದಿಂದ ಹಾರಿದ ಕಲ್ಲು ನನ್ನ ಕೆಳಮೂಲೆಗೆ ಬಡಿಯಿತು. ದೊಡ್ಡ ಗಾಯವಲ್ಲ. ನಿಂತಾಗ ಒಂದೊಂದೇ ಹನಿ. ಆದರೂ ಗುಡಿಸಿ ಸಾರಿಸಿದ ಅಂಗಳದಲ್ಲಿ, ರಂಗೋಲಿಯ ಪಕ್ಕದಲ್ಲಿ, ಬೆಳಗಾದರೆ ನನ್ನ ಒದ್ದೆ. ತೊಟ್ಟಿಲ ವಯಸ್ಸು ದಾಟಿದ ಮಗು ಹಾಸಿಗೆಯಲ್ಲಿ ಮಾಡಿಕೊಂಡಂತೆ. ನನಗೆ ನಾಚಿಕೆಯಾಗುತ್ತಿತ್ತು.

ಮಲ್ಲು ಅದನ್ನು ಮೊದಲ ದಿನವೇ ಕಂಡ.

"ಅಕ್ಕ, ರೇಡಿಯೇಟ್ರು ಸೋರ್ತಾ ಅದ. ಭಾವಂಗೆ ಹೇಳ್ಬುಡ್ತೀನಿ."

"ಬ್ಯಾಡ ಕನಾ. ನೀನೇ ಗುದ್ದಿದ್ದೀಯ ಅಂತಾರ. ವಸಿ ದಿನ ತಡಿ, ನಾ ನೋಡ್ತೀನಿ."

"ನೀ ಏನ್ ನೋಡೀಯೇ? ಒಗ್ಗರಣೆ ಹಾಕೀಯಾ?"

ಅಕ್ಕ ತಮ್ಮ ಇಬ್ಬರೂ ನಕ್ಕರು. ಮಲ್ಲುವಿಗೆ ಅದು ಅಲ್ಲಿಗೆ ಮುಗಿದ ಮಾತು. ಅವನು ದಿನವೂ ನೀರು ತುಂಬಿಕೊಂಡು ಓಡಿಸಿದ.

ದಾಕ್ಷಾಯಿಣಿಗೆ ಮುಗಿಯಲಿಲ್ಲ. ಆ ಮನೆಯಲ್ಲಿ ಕುಡುಗೋಲು ತಗುಲಿದರೂ ಅರಿಶಿನ, ದನದ ಕೊರಳು ಉಜ್ಜಿ ಹುಣ್ಣಾದರೂ ಅರಿಶಿನ. ಅವಳ ತವರಿನ ಟ್ರಾಕ್ಟರು ಸೋರಿದಾಗ ಡ್ರೈವರು ಚಿಟಿಕೆ ಅರಿಶಿನ ಹಾಕಿ ಊರು ಮುಟ್ಟಿಸಿದ್ದನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಳು. ಅವನು ಹಾಕಿದ್ದು ಚಿಟಿಕೆ, ಆ ಒಂದು ದಾರಿಯ ಮಟ್ಟಿಗೆ. ಅವಳು ಹಾಕಿದ್ದು ಹಿಡಿ. ಪುಡಿ ನನ್ನ ಗಾಯದ ಬಾಯಿಗೆ ಹೋಗಿ ಕೂತಿತು. ಒದ್ದೆ ನಿಂತಿತು. ಅವಳು ಒಣಗಿದ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಮತ್ತೆ ಸೋರಿದಾಗ ಮತ್ತೆ ಹಾಕಿದಳು. ಹೀಗೆ ಎಷ್ಟೋ ಬೆಳಗುಗಳು. ನೀರು ಕೆಂಚಗಾದದ್ದನ್ನು ಮಲ್ಲು ತುಕ್ಕೆಂದುಕೊಂಡ. ಗಾಯ ಮುಚ್ಚಿದ್ದೇ ಅವಳ ಕಣ್ಣಿಗೆ ಕಾಣುತ್ತಿತ್ತು. ಅದೇ ಪುಡಿ ಬೆಂದು ಮುದ್ದೆಯಾಗಿ ನನ್ನ ಒಳಕೊಳವೆಗಳಲ್ಲಿ ಒಂದೊಂದಾಗಿ ಕೂರುತ್ತಿದ್ದುದು ನನಗೆ ಮಾತ್ರ ತಿಳಿಯುತ್ತಿತ್ತು. ನನಗೆ ಬಾಯಿ ಇದೆ. ಅದು ನೀರು ಕುಡಿಯಲು ಮಾತ್ರ.

ಮಾದಪ್ಪನ ಬೆಟ್ಟದ ಏರಿನಲ್ಲಿ ಅದರ ಫಲ ಕಂಡಿತು. ಹರಕೆ ತೀರಿಸಲು ಹೊರಟ ಊರಿನವರೇ ಕಾರಿನ ತುಂಬ ಕೂತಿದ್ದರು. ತಿರುವಿನಲ್ಲಿ ಇಂಜಿನ್ನಿನ ಬಿಸಿ ನೀರು ನನ್ನ ಬಾಯಿಗೆ ಬಂತು, ಇಳಿಯಲು ದಾರಿಯಿಲ್ಲ. ಮುಚ್ಚಳದ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಮಲ್ಲು ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ. ಮಡಿಯಲ್ಲಿದ್ದ ಮುದುಕಿಯರು ಇಳಿದು ರಸ್ತೆಯ ಕಲ್ಲಿನ ಮೇಲೆ ಕೂತರು. ದಾಟಿ ಹೋಗುವ ಬಸ್ಸಿನವರು ಕಿಟಕಿಯಿಂದ ಕೂಗಿದರು: "ಏನಪ್ಪ, ಬೆಟ್ಟದಲ್ಲೇ ಕಾಫಿ ಕಾಯುಸ್ತಿದ್ದೀಯಾ?" ನನ್ನಿಂದ ಎಲ್ಲರೂ ತಲೆ ತಗ್ಗಿಸುವಂತಾಯಿತು. ಹೆಚ್ಚು ತಗ್ಗಿಸಿದವನು ಮಲ್ಲು.

ಮರುದಿನ ಗುರುಮಲ್ಲಪ್ಪ ಮಲ್ಲುವನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದ.

"ನೀರ್ ನೋಡ್ದೆ ಬೆಟ್ಟ ಹತ್ಸುದ್ಯಾ?"

"ನೋಡೇ ಹತ್ಸುದ್ದು ಭಾವ. ತುಂಬಿತ್ತು."

"ತುಂಬಿದ್ರ ಯಾಕ್ ಕುದೀತು? ಇಂಜಿನ್ನು ಸುಟ್ಟಾಕ್ದೆ ಕನಾ ನೀನು. ಗಾಡಿ ಸುಡೋನ್ ಕೈಗೆ ಇನ್ಯಾರ್ ಕೊಟ್ಟಾರು ಸ್ಟೇರಿಂಗು? ನಡಿ ನನ್ ಮನೆಯಿಂದ."

ಮಲ್ಲು ಬಾಗಿಲ ಕಡೆಗೆ ನೋಡಿದ. ಬಾಗಿಲ ಹಿಂದೆ ದಾಕ್ಷಾಯಿಣಿ ನಿಂತಿದ್ದಳು. ಅವಳ ಸೆರಗಿನ ತುದಿ ಕಾಣುತ್ತಿತ್ತು. ಅದು ಅಲುಗಲಿಲ್ಲ. ಅವನು ಕೀಲಿಯನ್ನು ನನ್ನ ಮೇಲಿನ ಬಾನೆಟ್ಟಿನ ಮೇಲಿಟ್ಟು, ಉಣ್ಣದೆ ಹೊರಟುಹೋದ.

ಗಾಡಿ ಸುಡೋನು. ಆ ಮಾತು ಅವನಿಗಿಂತ ಮುಂಚೆ ಸುತ್ತಲ ಊರುಗಳಿಗೆ ಹೋಗಿ ಕೂತಿತ್ತು. ಅವನು ಟ್ಯಾಕ್ಸಿ ನಿಲ್ದಾಣದಲ್ಲಿ ಕೇಳಿದನಂತೆ, ಹಾಲಿನ ವ್ಯಾನಿನವರನ್ನು ಕೇಳಿದನಂತೆ. ಯಾರೂ ಗಾಡಿ ಕೊಡಲಿಲ್ಲ. ಕೊನೆಗೆ ಕರಿಕಲ್ಲಿನ ಕ್ವಾರಿಯಲ್ಲಿ ಕಲ್ಲು ಹೊರಲು ಸೇರಿದನೆಂದು ಸುದ್ದಿ ಬಂತು. ದಾಕ್ಷಾಯಿಣಿ ಅದನ್ನು ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಾಗ ಕೇಳಿದಳು. ಕಲ್ಲು ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತಳು.

ನಿಜವಾಗಿ ಇಂಜಿನ್ನು ಸುಟ್ಟಿರಲಿಲ್ಲ. ಮಲ್ಲು ತಡಮಾಡದೆ ಆರಿಸಿದ್ದರಿಂದ ಉಳಿದಿತ್ತು. ಆದರೆ ಸ್ವಲ್ಪ ದೂರ ಓಡಿದರೆ ಸಾಕು, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಗುರುಮಲ್ಲಪ್ಪ ಮನೆಯಲ್ಲೇ ನೋಡುತ್ತೇನೆಂದು ಬಾನೆಟ್ಟು ಎತ್ತಿದ. ಅವನಿಗೆ ಪಂಪ್‌ಸೆಟ್ಟಿನ ಕೆಲಸ ಬರುತ್ತಿತ್ತು. ಎದುರುಮನೆಯ ಸಿದ್ದಲಿಂಗಪ್ಪ ಡೈರಿಗೆ ಹಾಲು ಹಾಕಿ ಬಂದು ಜಗಲಿಯಲ್ಲಿ ಕೂತು ಬುದ್ಧಿ ಹೇಳತೊಡಗಿದ.

ಗುರುಮಲ್ಲಪ್ಪ ಮೊದಲು ಫ್ಯಾನು ನೋಡಿದ. ತಿರುಗುತ್ತಿತ್ತು. ಬೆಲ್ಟು ಒತ್ತಿ ನೋಡಿದ. ಬಿಗಿಯಾಗಿತ್ತು. ತಣ್ಣಗಿದ್ದಾಗ ನನ್ನ ಮುಚ್ಚಳ ತೆಗೆದು ಇಣುಕಿದ.

"ನೀರೆಲ್ಲ ಕೆಂಚಗಾಗದ."

"ತುಕ್ಕು ಕನಪ್ಪ," ಎಂದ ಸಿದ್ದಲಿಂಗಪ್ಪ. "ಹಳೇ ಗಾಡಿ. ನಂಗೂ ನಿಂಗೂ ಹಿಡ್ದದ, ಅದುಕ್ಕ ಹಿಡಿಯಲ್ವಾ?"

ಬಿಸಿಯಾದಾಗ ನೀರಿಗೆ ದಾರಿ ಬಿಡುವ ಒಂದು ಚಿಕ್ಕ ವಾಲ್ವು ಇಂಜಿನ್ನಿನ ಬಾಯಲ್ಲಿರುತ್ತದೆ. ಅದು ಅಂಟಿಕೊಂಡಿರಬಹುದೆಂದು ಗುರುಮಲ್ಲಪ್ಪ ಬಿಚ್ಚಿ ತೆಗೆದು ಹೆಂಡತಿಗೆ ಕೊಟ್ಟ. "ಸಾರಿನ್ ಪಾತ್ರೇಲಿ ನೀರ್ ಕಾಯ್ಸಿ ಇದ್ನ ಹಾಕು. ಬಾಯ್ ಬುಡ್ತದಾ ನೋಡ್ಮ." ದಾಕ್ಷಾಯಿಣಿ ಒಲೆಯ ಮುಂದೆ ಕೂತು ನೋಡಿದಳು. ನೀರು ಕುದಿಯುವ ಹೊತ್ತಿಗೆ ಅದು ಬಾಯಿ ತೆರೆಯಿತು. ಹೊರಗೆ ಬಂದು, "ಬುಡ್ತು," ಎಂದಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವನು ಮತ್ತೊಮ್ಮೆ ಕೇಳಬೇಕಾಯಿತು.

ಎಲ್ಲ ಮತ್ತೆ ಕೂಡಿಸಿ, ಇಂಜಿನ್ ಓಡಿಸಿ ಆರಿಸಿ, ಅವನು ನನ್ನ ಮೈಮೇಲೆ ಅಂಗೈ ಇಟ್ಟ. ಮೇಲೆ ಸುಡುತ್ತಿದ್ದೆ. ನಡುವೆ, ಕೆಳಗೆ, ತಣ್ಣಗಿದ್ದೆ. "ಇಲ್ಲೇ ಅದ ರೋಗ," ಎಂದ. "ಕಟ್ಕಂಡದ."

ತಣ್ಣಗಾದ ಮೇಲೆ ನನ್ನನ್ನು ಬಿಚ್ಚಿ, ಅಂಗಳದ ಕಲ್ಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದ. ಹಂಡೆಯಿಂದ ಬಿಸಿನೀರು ತರಲು ಹೆಂಡತಿಗೆ ಹೇಳಿದ. ಅವಳು ಬಿಂದಿಗೆಯಲ್ಲಿ ಹೊತ್ತು ತಂದಳು. ಅವಳ ಕೈಯಿಂದಲೇ ಇಸಿದುಕೊಂಡು ನನ್ನೊಳಗೆ ಹೊಯ್ದ. ಮೊದಲು ಏನೂ ಬರಲಿಲ್ಲ. ನಲ್ಲಿಯ ಪೈಪಿನ ನೀರನ್ನು ರಭಸವಾಗಿ ಬಿಟ್ಟ. ಆಮೇಲೆ ಮುದ್ದೆ ಮುದ್ದೆಯಾಗಿ ನನ್ನ ಬಾಯಿಂದ ಬಿತ್ತು. ಹಳದಿ ನೀರು ಅಂಗಳ ದಾಟಿ ಬೀದಿಯ ಚರಂಡಿಗೆ ಹರಿಯಿತು.

ಬಣ್ಣವನ್ನು ತುಕ್ಕೆನ್ನಬಹುದಿತ್ತು. ವಾಸನೆಯನ್ನು ಏನೆನ್ನುವುದು? ಪ್ರತಿ ವರ್ಷ ಕೊಪ್ಪರಿಗೆಯಲ್ಲಿ ಅರಿಶಿನ ಬೇಯಿಸುವ ಊರು ಅದು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಸಿದ್ದಲಿಂಗಪ್ಪ ಜಗಲಿಯಿಂದ ಇಳಿದು ಬಂದು ಮೂಸಿದ.

"ಇದೇನ್ ಗುರುಮಲ್ಲಣ್ಣ, ಕಾರ್ಗೆ ಅರಿಶಿನ ಶಾಸ್ತ್ರ ಮಾಡ್ಬುಟ್ಟಿದ್ದೀಯೆ! ಮದ್ವೆ ಯಾವಾಗ?"

ಎಲ್ಲರೂ ನಕ್ಕರು. ನಾನು ಅವರೆಲ್ಲರ ಮುಂದೆ ಹಳದಿ ಕಾರುತ್ತ ತಲೆಕೆಳಗಾಗಿ ನಿಂತಿದ್ದೆ. ಆ ಕ್ಷಣ ಗುಜರಿಗೆ ಹೋಗಿದ್ದರೂ ಸಂತೋಷಪಡುತ್ತಿದ್ದೆ.

ಗುರುಮಲ್ಲಪ್ಪ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ದಾಕ್ಷಾಯಿಣಿ ಬಿಂದಿಗೆ ಎತ್ತಿಕೊಳ್ಳುವವಳಂತೆ ಬಗ್ಗಿದಳು.

"ನಾನು ಹಾಕಿದ್ದು," ಎಂದಳು ಅವನಿಗಷ್ಟೇ ಕೇಳುವಂತೆ. "ಮಲ್ಲುಗೆ ಗೊತ್ತೇ ಇಲ್ಲ."

ಅವನ ಕೈ ನಿಂತಿತು. ನೀರು ಸುಮ್ಮನೆ ಹರಿಯುತ್ತಿತ್ತು. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕಿವಿಗಳು ಕೆಂಪಾದವು. ಇದೇ ಬೀದಿಯಲ್ಲಿ, ಇದೇ ಜನರ ಮುಂದೆ ತಾನು ಕೂಗಾಡಿದ್ದು ಅವನಿಗೆ ನೆನಪಾಗಿರಬೇಕು. ಇಷ್ಟು ಹತ್ತಿರದಿಂದ ಮನುಷ್ಯನ ನಾಚಿಕೆಯನ್ನು ನಾನು ನೋಡಿರಲಿಲ್ಲ. ಅದೂ ಕುದಿಯುತ್ತದೆ, ಅದಕ್ಕೂ ಇಳಿಯಲು ದಾರಿ ಬೇಕು.

"ಸುಮ್ನಿರು," ಎಂದ ಹಲ್ಲಿನ ಸಂದಿಯಿಂದ. "ಜನ ನಿಂತವ್ರ."

"ಯಾರ್ ಹಾಕುದ್ರಂತ?" ಸಿದ್ದಲಿಂಗಪ್ಪ ಕೇಳಿದ.

ಗುರುಮಲ್ಲಪ್ಪ ಎದ್ದು ನಿಂತ. "ಇನ್ಯಾರು? ಅವ್ನೇ, ನಮ್ ಬಾಮೈದ. ಕಿತಾಪತಿ ಮಾಡಿ ಓಡೋಗವ್ನ."

ದಾಕ್ಷಾಯಿಣಿ ಬಾಯಿ ತೆರೆದಳು. ಬೀದಿಯ ಅಷ್ಟೂ ಕಣ್ಣುಗಳು ಅವಳ ಮೇಲಿದ್ದವು. ಬಾಯಿ ಮುಚ್ಚಿಕೊಂಡು, ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.

ಎಷ್ಟು ತೊಳೆದರೂ ನನ್ನ ಅರ್ಧ ಕೊಳವೆಗಳು ತೆರೆಯಲಿಲ್ಲ. ನನ್ನ ಜಾಗಕ್ಕೆ ಹೊಸ ರೇಡಿಯೇಟರ್ ಬಂತು. ಈಗ ಕಾರು ಕುದಿಯುವುದಿಲ್ಲ. ಬೇರೆ ಊರಿನ ಡ್ರೈವರು ಬರುತ್ತಾನೆ, ಓಡಿಸುತ್ತಾನೆ, ಹೋಗುತ್ತಾನೆ. ಗುರುಮಲ್ಲಪ್ಪ ಹೆಂಡತಿಯ ತವರಿನ ಮಾತೆತ್ತುವುದನ್ನೇ ಬಿಟ್ಟಿದ್ದಾನೆ. ಊಟ ಬಡಿಸುವಾಗ ಇಬ್ಬರೂ ತಟ್ಟೆಯನ್ನೇ ನೋಡುತ್ತಾರೆ.

ನಾನು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಗೋಡೆಗೆ ಒರಗಿದ್ದೇನೆ. ಗುಜರಿಯವನು ಬರುವವರೆಗೆ ಇಲ್ಲೇ. ನನ್ನ ತೆಳು ತಗಡಿನ ರೆಕ್ಕೆಗಳ ನಡುವೆ ಇರುವೆಗಳು ಓಡಾಡುತ್ತವೆ. ಒರಗಿಕೊಂಡೇ ಯೋಚಿಸುತ್ತೇನೆ. ನಾನು ಸೋರಿದಷ್ಟಕ್ಕೆ ಯಾರ ಮನೆಯೂ ಹಾಳಾಗುತ್ತಿರಲಿಲ್ಲ. ಒಂದು ಹನಿ ಒದ್ದೆಯನ್ನು ಒದ್ದೆ ಎಂದು ಹೇಳಲು ಆ ಮನೆಯಲ್ಲಿ ಧೈರ್ಯವಿರಲಿಲ್ಲ. ಹಾಗೆಂದು ಅವಳನ್ನು ದೂರಲೂ ನನಗೆ ಮನಸ್ಸಿಲ್ಲ.

ಇವತ್ತು ದಾಕ್ಷಾಯಿಣಿ ಬಟ್ಟೆಯ ಬುಟ್ಟಿ ತಂದು ಕಲ್ಲಿನ ಮೇಲಿಟ್ಟಳು. ಒಗೆಯಲಿಲ್ಲ. ಕೈ ಒರೆಸಿಕೊಂಡು ಫೋನು ತೆಗೆದಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಆ ಕಡೆಯಿಂದ ಕಲ್ಲು ಕೊರೆಯುವ ಯಂತ್ರದ ಸದ್ದು ನನಗೂ ಕೇಳಿಸಿತು. ಯಾರೋ ಎತ್ತಿದ್ದರು.

"ಮಲ್ಲು... ಅರಿಶಿನ ಹಾಕಿದ್ದು ನಾನು ಕನಪ್ಪ. ನಾನೇ."

ಯಂತ್ರ ಕೊರೆಯುತ್ತಲೇ ಇತ್ತು.

"ಬೀದಿಲಿ ನಿಂತು ಎಲ್ರಿಗೂ ಹೇಳ್ತೀನಿ. ನೀನು ಪಕ್ಕದಲ್ಲಿರು. ಒಂದ್ಸಲ ಮನೆಗೆ ಬಾ."

ಅವಳು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು.

"ಬಾರಪ್ಪ."