ಗೋಡೆಯ ಮೇಲಿನ ನೀರು

"ಎತ್ತೇ ಮುಂಡೆ, ತೊಗಲಿನ ಚೀಲ ಎತ್ತು! ಮಗೀಗೆ ನೀರು ಕುಡ್ಸೋದು ಮರ್ತೋಯ್ತಾ ನಿಂಗೆ?"

ಮೇಸ್ತ್ರಿ ಮನ್ನುಕಿಯ ಕೋಲು ಜಿಬ್ಯಾಳ ಮೊಣಕೈಗೆ ಬಡಿಯಿತು. ಅವಳು ಚೀಲ ಎತ್ತಲಿಲ್ಲ.

ದೊರೆಯ ರಾಜಧಾನಿ ನಿನೆವೆಯಲ್ಲಿ ಅವನ ಹೊಸ ಅರಮನೆ ಏಳುತ್ತಿತ್ತು. ಗೆದ್ದ ಊರಿಗೊಂದು ಗೋಡೆ, ಅದರ ಮೇಲೆ ಆ ಊರು ಸೋತ ಕತೆಯ ಚಿತ್ರ. ಆ ಊರಿನಿಂದ ಹಿಡಿದು ತಂದವರೇ ಆ ಗೋಡೆಗೆ ಕಲ್ಲು ಹೊರಬೇಕು. ಚಿತ್ರ ಬರೆಯುವವನು ಕೇಳಿದಾಗ ಹೊರೆ ಇಳಿಸಿ, ಊರು ಬಿಟ್ಟ ದಿನ ನಡೆದಂತೆ ಅವನೆದುರು ಮತ್ತೆ ಸಾಲಾಗಿ ನಡೆಯಬೇಕು. ಬೆಳಗಿನಿಂದ ಜಿಬ್ಯಾಳ ಊರಿನ ಹನ್ನೊಂದು ಹೆಂಗಸರು ಮೂಟೆ ಹೊತ್ತು ನಡೆಯುತ್ತಿದ್ದರು. ಗಂಡಸರ ಚಿತ್ರ ನಿನ್ನೆಯೇ ಮುಗಿದಿತ್ತು. ಚಿತ್ರದಲ್ಲಿ ಕೋಟೆ ಬಾಗಿಲಿನ ಮುಂದೆ ಮೂರು ಶೂಲ, ಮೂರು ಹೆಣ. ಅದರಲ್ಲಿ ಯಾವುದು ತನ್ನ ಗಂಡ ಎಂದು ಅವಳು ಕೇಳಿರಲಿಲ್ಲ.

ಚಿತ್ರ ಬರೆಯುವ ಅಹಿರಾಮನೂ ಸೆರೆಯಾಳೇ, ಕಡಲ ತೀರದವನು. ಅವನ ಊರಿನ ಚಿತ್ರ ಎರಡು ಗೋಡೆ ಆಚೆಗೆ ಮುಗಿದಿತ್ತು.

"ಅಕ್ಕಾ, ಸುಮ್ನೆ ಎತ್ಬಿಡು," ಎಂದ ಮೆಲ್ಲಗೆ. "ಒಂದು ಗಳಿಗೆ ಕೆಲ್ಸ."

"ದಾರೀಲಿ ನೀರೇ ಕೊಡ್ಲಿಲ್ಲ ಕಣಪ್ಪ."

"ಏನಂದೆ?" ಮನ್ನುಕಿ ಹತ್ತಿರ ಬಂದ.

"ನೀರು ಕೊಡ್ಲಿಲ್ಲ ಅಂದೆ. ಹೇಸರಗತ್ತೆಗೆ ಕುಡ್ಸಿದ್ರಿ. ನನ್ ಮಗಳು ಯಮೀಮ ಅದರ ಒದ್ದೆ ಮೂತಿ ನೆಕ್ಕೋಕೆ ಹೋದ್ಲು. ನಿಮ್ಮ ಸಿಪಾಯಿ ಒದ್ದ."

ಸಾಲಿನ ಹೆಂಗಸರು ತಲೆ ತಗ್ಗಿಸಿದರು. ಮನ್ನುಕಿ ನಕ್ಕ.

"ಥೂ, ನಿನ್ ಗೋಳು ಯಾವನಿಗೆ ಬೇಕು? ಗೆದ್ದ ಜನಾನ ಮಕ್ಳಂಗೆ ಸಾಕಿ ಕರ್ಕೊಂಬಂದೆ ಅಂದವ್ರೆ ದೊರೆ. ಅಂದ್ಮೇಲೆ ನೀನು ಕುಡ್ಸಿದ್ದೀಯ, ಮುಗೀತು. ನಾಳೆ ಇನ್ಯಾವನೋ ರಾಜ ಕಪ್ಪ ತಗೊಂಡು ಬಂದು ಇಲ್ನಿಂತು ನೋಡ್ತಾನೆ. ಎದುರು ಬಿದ್ರೆ ಶೂಲ, ಕಾಲಿಗೆ ಬಿದ್ರೆ ನೀರು. ಅವನಿಗೆ ಗೊತ್ತಾಗ್ಬೇಕು. ತಿಳೀತೇನೇ ಕತ್ತೆ?"

ಸಾಲಿನಲ್ಲಿ ಒಂದೂ ಮಗುವಿರಲಿಲ್ಲ. ಮನ್ನುಕಿ ಹಸಿ ಇಟ್ಟಿಗೆಯೊಂದನ್ನು ಕಂಬಳಿಯ ಚೂರಿನಲ್ಲಿ ಸುತ್ತಿ ಅವಳ ತೋಳಿಗೆ ತುರುಕಿದ. "ತಗೋ ನಿನ್ ಕೂಸು. ಬಾಯಿ ಇರೋ ಕಡೆ ಹುಯ್ಯಿ."

ಇಟ್ಟಿಗೆ ಭಾರವಾಗಿತ್ತು. ಯಮೀಮ ಕೊನೆಗೆ ಇಷ್ಟೂ ತೂಗುತ್ತಿರಲಿಲ್ಲ. ಈ ನೀರು ಕಲ್ಲಿನಲ್ಲಿ ಕೂತುಬಿಟ್ಟರೆ, ಅವಳು ಬಾಯಾರಿ ಸತ್ತಳು ಎಂಬುದು ಯಾರಿಗೂ ಉಳಿಯುವುದಿಲ್ಲ.

ಜಿಬ್ಯಾ ಕೂತಳು. ಕಂಬಳಿಯ ಗಂಟನ್ನು ನೆಲದ ಮೇಲೆ ಮಲಗಿಸಿದಳು. ಕೆತ್ತಿದ ಕಲ್ಲಿನ ಬಿಳಿ ಪುಡಿಯನ್ನು ಬೊಗಸೆಯಲ್ಲಿ ತುಂಬಿ ಅದರ ಮೇಲೆ ಸುರಿದಳು. ಮೊದಲು ಕಾಲಿನ ಕಡೆಗೆ. ಆಮೇಲೆ ಹೊಟ್ಟೆಗೆ. ಮುಖದ ಕಡೆಗೆ ಮಾತ್ರ ಕೈ ತಡೆಯಿತು. ಅಂದು ದಾರಿಯಲ್ಲಿ ಗುಂಡಿ ತೋಡಲೂ ಬಿಟ್ಟಿರಲಿಲ್ಲ; ಮಗಳ ಮೇಲೆ ಹೀಗೇ ಬೊಗಸೆ ಮಣ್ಣು ಸುರಿದು ಎದ್ದಿದ್ದಳು. ಸಾಲು ಅವಳಿಗಾಗಿ ನಿಂತಿರಲಿಲ್ಲ.

"ಬರಿಯಪ್ಪಾ," ಎಂದಳು. "ನಡ್ದಿದ್ದು ಇದು."

ಕೋಲು ಬೆನ್ನ ಮೇಲೆ ಬಿತ್ತು. ಮತ್ತೆ ಬಿತ್ತು. ಅವಳು ಪುಡಿ ಬಳಿಯುತ್ತಲೇ ಇದ್ದಳು. ಸಾಲಿನ ಕೊನೆಯಲ್ಲಿದ್ದ ಮುದುಕಿ ಮೂಟೆ ಇಳಿಸಿ ಬಂದು ಕೂತು, ತನ್ನದೊಂದು ಬೊಗಸೆ ಹಾಕಿದಳು. ಇನ್ನೊಬ್ಬಳು ಬಂದಳು.

"ನೀರು ಬರಿಯೋ ಸೂಳೆಮಗನೇ!" ಮನ್ನುಕಿ ಅಹಿರಾಮನ ಕಡೆ ತಿರುಗಿ ಅರಚಿದ.

ಅಹಿರಾಮ ಬರೆದ. ಚೀಲ ಬಂತು, ಚೀಲದ ಬಾಯಿ ಬಂತು, ಕೆಳಗಿಳಿಯುವ ನೀರಿನ ಗೆರೆಯೂ ಬಂತು. ಅಲ್ಲಿಗೆ ಅವನ ಕೈ ನಿಂತಿತು. ನೀರಿನ ಕೆಳಗೆ ಮಗು ಇರಬೇಕಾದ ಜಾಗ ಬರಿಗಲ್ಲಾಗಿಯೇ ಇತ್ತು.