ಬಾಲ ಹೋದ ಹಲ್ಲಿ

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ವೆಂಕಟರಾಮರಿಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಉಳಿದಿದ್ದ ಆಸೆ ಒಂದೇ: ದೊಡ್ಡ ಪರದೆಯ ಮೇಲೆ ಒಮ್ಮೆಯಾದರೂ ತಮ್ಮ ಹೆಸರು ಬರಬೇಕು. ಸಿನಿಮಾದಲ್ಲಲ್ಲ, ಡೆಮೊದಲ್ಲಿ. ಸಿಡ್ನಿಗೆ ಬಂದ ಹೊಸದರಲ್ಲಿ ಕೊಂಡ ಕೊಮೊಡೋರ್ ಕಂಪ್ಯೂಟರ್ ಇನ್ನೂ ಗ್ಯಾರೇಜಿನಲ್ಲಿ ಗಟ್ಟಿಮುಟ್ಟಾಗಿತ್ತು. ಅದರ ಚಿಟಿಕೆಯಷ್ಟು ಮೆಮೊರಿಯೊಳಗೆ ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತುರುಕಿ ಓಡಿಸುವುದೇ ಡೆಮೊ. ಅಂಥ ಹುಚ್ಚಿನವರೆಲ್ಲ ಮೆಲ್ಬರ್ನಿನಲ್ಲಿ ಸ್ಪರ್ಧೆಗೆ ಸೇರುವವರಿದ್ದರು.

ಇವರ ಕಥಾನಾಯಕ ಒಂದು ಹಲ್ಲಿ. ಟ್ಯೂಬ್‌ಲೈಟನ್ನೇ ಚಂದ್ರ ಎಂದುಕೊಂಡಿದ್ದ ಅದು, ಕಿಟಕಿಯಲ್ಲಿ ನಿಜವಾದ ಚಂದ್ರನನ್ನು ಕಂಡು ಮನೆಬಿಟ್ಟು ಹೊರಡುತ್ತದೆ.

"ಕೊನೇಲಿ ಬೇಕಾದವರ ಹೆಸರೆಲ್ಲ ಸಾಲಾಗಿ ಓಡ್ಬೇಕು. ಅದು ಡೆಮೊ ಸಂಪ್ರದಾಯ," ಎಂದು ಹೆಂಡತಿ ಜಯಲಕ್ಷ್ಮಿಗೆ ಹೇಳಿದ್ದೇ ತಪ್ಪಾಯಿತು.

"ವಂದನಾರ್ಪಣೆ ಅನ್ನಿ!" ಕನ್ನಡ ಸಂಘದಲ್ಲಿ ಹದಿನೆಂಟು ವರ್ಷ ಆ ಕೆಲಸ ಮಾಡಿದ್ದ ಆಕೆ ಪೆನ್ನು ಹಿಡಿದೇಬಿಟ್ಟರು. "ಮೆಲ್ಬರ್ನ್ ಹತ್ರದ ಕ್ರಾನ್‌ಬರ್ನ್ ಇಂದ್ರೇಶ್ ಹೆಸ್ರು ಹಾಕಿದ್ರೆ ಮಹಾಶ್ವೇತಾ ಆಂಟೀದೂ ಹಾಕ್ಬೇಕು ರೀ. ಬಿಟ್ರೆ ಮುಂದಿನ ಗಣೇಶನ ಹಬ್ಬದವರೆಗೂ ಮುಖ ಊದಿಸ್ಕೊಂಡಿರ್ತಾರೆ."

ಹೆಸರು ಸೇರಿದಷ್ಟೂ ಮೆಮೊರಿ ಕರಗಿತು. ಹ್ಯಾರಿಸ್ ಪಾರ್ಕಿನ ಸ್ವೀಟ್ ಅಂಗಡಿಯವನಿಗಾಗಿ ನಕ್ಷತ್ರಗಳು ಹೋದವು. ಮಹಾಶ್ವೇತಾ ಆಂಟಿಗಾಗಿ ಮೋಡ ಹೋಯಿತು. ಡಾಕ್ಟರ್ ವಿರೂಪಾಕ್ಷರ ಇಡೀ ಕುಟುಂಬಕ್ಕೆ ಹಲ್ಲಿಯ ಬಾಲವನ್ನೇ ಕತ್ತರಿಸಬೇಕಾಯಿತು. ಹಲ್ಲಿಯ ಬಾಲ ಬೀಳುವುದು ಸಹಜವೇ ಎಂದು ವೆಂಕಟರಾಮರು ಸಮಾಧಾನ ಮಾಡಿಕೊಂಡರು.

ಮೆಲ್ಬರ್ನಿನ ಹಾಲ್‌ನಲ್ಲಿ, ಪ್ರದರ್ಶನಕ್ಕೆ ಇನ್ನು ಅರ್ಧ ಗಂಟೆ. ಕ್ರಾನ್‌ಬರ್ನಿನವರೆಲ್ಲ ತಮ್ಮ ಹೆಸರು ನೋಡಲು ಮುಂದಿನ ಸಾಲು ಹಿಡಿದಿದ್ದರು. ವೆಂಕಟರಾಮರು ಪಟ್ಟಿಯ ಮೇಲೆ ಕೊನೆಯ ಬಾರಿ ಕಣ್ಣಾಡಿಸಿದರು. ನಲವತ್ತಮೂರು ಹೆಸರಿನಲ್ಲಿ ಜಯಲಕ್ಷ್ಮಿಯದೇ ಇಲ್ಲ! ತನ್ನ ಹೆಸರನ್ನು ತಾನೇ ಬರೆದುಕೊಳ್ಳುವ ಹೆಂಗಸಲ್ಲ ಆಕೆ. ಗಂಡನಿಗೇ ನೆನಪಾಗುತ್ತದೋ ಇಲ್ಲವೋ ಎಂದು ಕಾದು ಕುಳಿತಿದ್ದಾಳೆ. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟೂ ತಿಳಿಯದೆ?

ಮೆಮೊರಿಯಲ್ಲಿ ಒಂದಕ್ಷರಕ್ಕೂ ಜಾಗವಿರಲಿಲ್ಲ. ಯಾರನ್ನು ತೆಗೆದರೂ ಜಗಳ. ಮುನಿಸಿಕೊಳ್ಳದ ಹೆಸರು ಒಂದೇ ಒಂದಿತ್ತು: 'ಕಥೆ, ಚಿತ್ರ, ಸಂಗೀತ' ಎಂಬುದರ ಮುಂದಿದ್ದ ತಮ್ಮದು. ಇಂಗ್ಲಿಷಿನಲ್ಲಿ ಎಣಿಸಿದರು. ತಮ್ಮದು ಹನ್ನೊಂದು ಅಕ್ಷರ, ಅವಳದೂ ಹನ್ನೊಂದು. ದುಃಖವಾಯಿತು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡು ಬದಲಿಸಿಬಿಟ್ಟರು.

ಬಾಲವಿಲ್ಲದ ಹಲ್ಲಿಗೆ ಮೂರನೆಯ ಬಹುಮಾನ ಬಂತು. ಪರದೆಯ ಮೇಲೆ ಇದ್ದಂತೆ, ವೇದಿಕೆಗೆ ಕರೆದದ್ದು ಜಯಲಕ್ಷ್ಮಿಯನ್ನು. ಆಕೆ ಗಂಡನ ಕಡೆ ನೋಡಿದರು. ಅವರು ಹೋಗು ಎಂಬಂತೆ ತಲೆಯಾಡಿಸಿದರು. ಕರೆದ ಮೇಲೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಆಕೆ ಸೆರಗು ಸರಿಮಾಡಿಕೊಂಡು ಹತ್ತಿದರು. ಕೈಗೆ ಮೈಕ್ ಸಿಕ್ಕಿದ್ದೇ ತಡ, ಹಳೆಯ ಅಭ್ಯಾಸ ಮರಳಿತು. ಸಂಘಟಕರಿಗೆ, ಪ್ರೊಜೆಕ್ಟರಿನವನಿಗೆ, ಚಹಾ ಕೊಟ್ಟವಳಿಗೆ, ನಲವತ್ತಮೂರು ಮಂದಿಗೂ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿದರು. ತಮ್ಮ ಹೆಸರು ಈಗ ಬರುತ್ತದೆಂದು ವೆಂಕಟರಾಮರು ಮೈಯೆಲ್ಲ ಕಿವಿಯಾಗಿ ಕುಳಿತಿದ್ದರು.

"ಕೊನೇದಾಗಿ," ಎಂದರು ಜಯಲಕ್ಷ್ಮಿ, ಮುಂದಿನ ಸಾಲಿಗಾಗಿ ಕನ್ನಡದಲ್ಲೇ, "ಸಿಡ್ನಿಯಿಂದ ಒಂಬತ್ತು ಗಂಟೆ ಒಬ್ರೇ ಕಾರ್ ಓಡಿಸ್ಕೊಂಡು ಬಂದ ನಮ್ಮನೆಯವರಿಗೆ."

ಗಂಡನ ಹೆಸರು ಹೇಳುವ ರೂಢಿ ಆಕೆಗೆ ಎಂದೂ ಇರಲಿಲ್ಲ.

ಕ್ರಾನ್‌ಬರ್ನಿನವರೆಲ್ಲ ಹಿಂದೆ ತಿರುಗಿ ಡ್ರೈವರಿಗೆ ಜೋರಾಗಿ ಚಪ್ಪಾಳೆ ತಟ್ಟಿದರು. ವೆಂಕಟರಾಮರು ಎದ್ದುನಿಂತು ಕೈಮುಗಿದರು.