ಅಂಗೈ ಮೇಲಿನ ಕೆಂಡ

ಸಿರುಗುಪ್ಪದ ಬಸ್ಸಿನಲ್ಲಿ ಮೀನಾಕ್ಷಿ ಗಾಜಿನ ಡಬ್ಬಿಯೊಂದನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ರಸ್ತೆಯ ಗುಂಡಿಗಳಿಗೆ ಅದರ ಪರಿವೆ ಎಲ್ಲಿಯದು? ಬಸ್ಸು ಕುಣಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಡಬ್ಬಿಯೊಳಗೆ ಹೋಳಿಗೆಯಷ್ಟು ಅಗಲದ, ಎರಡು ಬೆರಳು ದಪ್ಪದ, ಏರೋಜೆಲ್ ಎಂಬ ಹಗುರ ವಸ್ತುವಿನ ಬಿಲ್ಲೆಯಿತ್ತು. ತಿಳಿನೀಲಿ ಹೊಗೆಯನ್ನು ಕತ್ತರಿಸಿ ಇಟ್ಟಂತೆ ಕಾಣುತ್ತಿತ್ತು. ಬಳ್ಳಾರಿಯ ಪ್ರಯೋಗಾಲಯದಲ್ಲಿ ಅವಳು ಮಾಡಿದ ಬಿಲ್ಲೆಗಳಲ್ಲಿ ಬಿರುಕು ಬಿಡದೆ ಉಳಿದದ್ದು ಇದೊಂದೇ. ಮರುದಿನ ಕುರುಗೋಡಿನ ಶಾಲೆಯಲ್ಲಿ ಇದರ ಪ್ರದರ್ಶನ. ಡಬ್ಬಿ ತೆರೆಯಬಾರದು, ಯಾರೂ ಮುಟ್ಟಬಾರದು ಎಂದು ಪ್ರೊಫೆಸರು ಕಟ್ಟಪ್ಪಣೆ ಮಾಡಿ ಕಳಿಸಿದ್ದರು.

ಆದರೂ ಅವಳು ಮೊದಲು ಸಿರುಗುಪ್ಪದ ಹಾದಿ ಹಿಡಿದದ್ದಕ್ಕೆ ಕಾರಣವಿತ್ತು. ಈ ಬಿಲ್ಲೆ ಭತ್ತದ ಹೊಟ್ಟಿನ ಬೂದಿಯಿಂದ ಆದದ್ದು. ಬೂದಿ ಕೊಡಿ ಎಂದು ಗಿರಣಿ ಗಿರಣಿ ಅಲೆದಾಗ ಹುಚ್ಚು ಹುಡುಗಿ ಎಂದು ನಕ್ಕು ಕಳಿಸಿದವರೇ ಹೆಚ್ಚು. ಒಂದು ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ತುಂಬುವ ಹುಲುಗಪ್ಪ ಮಾತ್ರ ಯಾಕೆ, ಏನು ಎಂದು ಕೇಳಲಿಲ್ಲ. ಅವನ ಹೆಂಡತಿ ಗಾದೆಮ್ಮ ಬೂದಿ ಜರಡಿ ಹಿಡಿದು ಚೀಲದ ಬಾಯಿ ಹೊಲಿದು ಕೊಡುವಳು, ಅವನು ಅದನ್ನು ಬಳ್ಳಾರಿ ಬಸ್ಸಿಗೆ ಹಾಕುವನು. ಅವರಿಲ್ಲದಿದ್ದರೆ ತನ್ನ ಕೆಲಸವೇ ಇರುತ್ತಿರಲಿಲ್ಲ ಎಂಬುದು ಮೀನಾಕ್ಷಿಗೆ ಗೊತ್ತಿತ್ತು. ಆ ಉಪಕಾರವನ್ನು ಬರೀ ಬಾಯಿಮಾತಿನಲ್ಲಿ ಮುಗಿಸಲು ಅವಳಿಗೆ ಮನಸ್ಸಿರಲಿಲ್ಲ.

ಗಿರಣಿಯ ಅಂಗಳದಲ್ಲಿ ಹುಲುಗಪ್ಪ ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಬರೇ ಗಾಜು ಕಾಣತೈತಲ್ರಿ ಮೇಡಂ. ಒಳಗ ಏನೂ ಇಲ್ಲ."

ಇಷ್ಟು ದೂರ ಬಂದು ಗಾಜು ತೋರಿಸಿ ಹೋಗುವುದೇ? ಮೀನಾಕ್ಷಿ ಮುಚ್ಚಳ ತೆಗೆದು, ಫೋನಿನ ಬೆಳಕು ಬಿಡಲೆಂದು ಚೀಲಕ್ಕೆ ಕೈ ಹಾಕಿದಳು. ಪಕ್ಕದಲ್ಲಿದ್ದ ಗಾದೆಮ್ಮನಿಗೆ ಅಷ್ಟು ಹೊತ್ತು ಸಾಕಾಯಿತು. ಆ ಗಿರಣಿಗೆ ಹೊಸದೇನು ಬಂದರೂ, ಮೋಟಾರಾಗಲಿ, ತಕ್ಕಡಿಯಾಗಲಿ, ಮಾಲೀಕರ ಪ್ಲಾಸ್ಟಿಕ್ ಕುರ್ಚಿಯೇ ಆಗಲಿ, ಒದ್ದೆ ವಿಭೂತಿಯ ಮೂರು ಗೆರೆ ಎಳೆಯದೆ ಗಾದೆಮ್ಮ ಬಿಟ್ಟವಳಲ್ಲ. ಈ ಹೊಸ ಅತಿಥಿಯನ್ನು ಬಿಡುವಳೇ? ವಿಭೂತಿ ಬಟ್ಟಲಿಗೆ ಮೂರು ಬೆರಳು ಅದ್ದಿ, ಭಕ್ತಿಯಿಂದ ಎಳೆದೇ ಬಿಟ್ಟಳು.

ಚಿಟ್ ಚಿಟ್ ಎಂದು ಸಣ್ಣ ಸದ್ದಾಯಿತು. ಗೆರೆ ಬಿದ್ದಲ್ಲೆಲ್ಲ ಬಿಲ್ಲೆ ಕುಸಿದು, ನೋಡನೋಡುತ್ತ ನಾಲ್ಕು ಹೋಳಾಯಿತು.

"ಯಮ್ಮಾ, ನಾ ಏನ್ ಮಾಡಿದ್ನೇ!" ಗಾದೆಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಚಲೋ ಆಗ್ಲಿ ಅಂತ ಹಚ್ಚಿದ್ನೆವ್ವಾ."

ಮೀನಾಕ್ಷಿಗೆ ಸಿಟ್ಟು ನೆತ್ತಿಗೇರಿತ್ತು. ನಾಳೆ ಕುರುಗೋಡಿನಲ್ಲಿ ಏನು ತೋರಿಸಲಿ, ಪ್ರೊಫೆಸರಿಗೆ ಏನು ಹೇಳಲಿ? ಬೈಯಲು ಬಾಯಿ ತೆರೆದವಳ ಕಣ್ಣಿಗೆ ಹುಲುಗಪ್ಪನ ಚಾಚಿದ ಕೈ ಬಿತ್ತು. ಡಬ್ಬಿಯಿಂದ ಸಿಡಿದು ಬಿದ್ದ ಚೂರನ್ನು ಆಯಲು ಅವನು ಬಾಗಿದ್ದ. ಅಂಗೈ ತುಂಬ ಸುಟ್ಟ ಕಲೆಗಳಿದ್ದವು. ಅವಳು ಎಲ್ಲಕ್ಕಿಂತ ದೊಡ್ಡ ಹೋಳನ್ನು ಆ ಅಂಗೈಯಲ್ಲಿಟ್ಟಳು.

"ತೂಕನ ಇಲ್ಲಲ್ರಿ!"

"ಬಹಳಷ್ಟು ಗಾಳಿನ ಐತಣ್ಣ. ಒಂದ್ ಕೂದಲ ದಪ್ಪದಾಗ ಸಾವಿರಾರು ಕೂಡ್ರುವಂಥ ಸಣ್ಣ ಸಣ್ಣ ಕೋಣಿ. ಗಾಳಿ ಅದರಾಗ ಸಿಕ್ಕೊಂಡು ಬಿಸಿ ದಾಟಾಕ ಬಿಡಂಗಿಲ್ಲ. ನೀರು ಹೊಕ್ಕರ ಮಾತ್ರ ಕೋಣಿ ಕುಸೀತಾವ. ಇದನ್ನ ನಾ ಮೊದಲ ಹೇಳಬೇಕಿತ್ತು ಅಕ್ಕ, ನಿಮ್ಮ ತಪ್ಪಲ್ಲ."

"ಬಿಸಿ ದಾಟಂಗಿಲ್ಲ ಅಂದ್ರ?" ಹುಲುಗಪ್ಪ ಅಂಗಳದ ಮೂಲೆಯಲ್ಲಿದ್ದ ಚಹಾದ ಒಲೆಯ ಕಡೆ ನೋಡಿದ. "ನೋಡೇ ಬಿಡೋಣ."

ಮೀನಾಕ್ಷಿ ಬೇಡವೆನ್ನುವ ಮೊದಲೇ ಅವನು ಇಕ್ಕಳದಿಂದ ಕೆಂಡವೊಂದನ್ನು ತೆಗೆದು ಹೋಳಿನ ನಡುವೆ ಇಟ್ಟುಕೊಂಡ. ಗಾದೆಮ್ಮ ಕಿರುಚಿದಳು. ಅವನು ಕದಲಲಿಲ್ಲ. ಕೆಂಡ ನಿಗಿನಿಗಿ ಉರಿಯುತ್ತಿತ್ತು, ಅವನು ನಗುತ್ತಿದ್ದ.

"ಸುಡವಲ್ದಲೇ ಗಾದಿ, ತಣ್ಣಗೈತಿ!"

ಗಾದೆಮ್ಮ ನಂಬದೆ ಹೋಳಿನ ಅಡಿಗೆ ಬೆರಳು ತೂರಿಸಿದಳು. ಕೆಂಡವನ್ನು ಒಲೆಗೆ ಎಸೆದ ಮೇಲೆ ಗಂಡನ ಅಂಗೈಯನ್ನು ಎಳೆದು ಹಳೆಯ ಕಲೆಗಳ ಮೇಲೆ ಕೈಯಾಡಿಸಿದಳು. ಎಷ್ಟು ಸಲ ಆ ಕೈಗೆ ಮುಲಾಮು ಸವರಿದ್ದಳೋ. ಅವಳ ಕಣ್ಣು ತುಂಬಿತು.

"ಇಷ್ಟು ವರ್ಸ ಎಲ್ಲಿತ್ತವ್ವಾ ಇದು?"

"ನೀವು ದಿನಾ ಹೊರಗ ಚೆಲ್ಲೋ ಬೂದ್ಯಾಗ ಇತ್ತಕ್ಕ," ಎಂದಳು ಮೀನಾಕ್ಷಿ. ಈ ಇಬ್ಬರು ತನಗೆ ಸಿಕ್ಕದ್ದು ಎಂಥ ಪುಣ್ಯ ಎಂದು ಅವಳಿಗೆ ಅನ್ನಿಸಿತು, ಅದನ್ನು ಹೇಳಿಯೂ ಬಿಟ್ಟಳು. ಆಮೇಲೆ ಪ್ರೊಫೆಸರಿಗೆ ಫೋನು ಮಾಡಿದಳು. ಅವರು ಬೈದರು, ಕೊನೆಗೆ ಹೋಳುಗಳನ್ನೇ ತೋರಿಸು ಎಂದರು.

ಮರುದಿನ ಕುರುಗೋಡಿಗೆ ಗಾದೆಮ್ಮನೂ ಬಂದಳು. ಈ ಬೂದಿ ಕೊಟ್ಟವರು ಇವರು, ಇವರಿಂದಲೇ ಇದು ಆದದ್ದು ಎಂದು ಮೀನಾಕ್ಷಿ ಅವಳನ್ನು ಮಕ್ಕಳ ಮುಂದೆ ನಿಲ್ಲಿಸಿದಳು. ಗಾಜಿನ ಡಬ್ಬಿ ಖಾಲಿಯಾಗಿ ಪಕ್ಕಕ್ಕಿತ್ತು, ಹೋಳುಗಳು ತಟ್ಟೆಯಲ್ಲಿದ್ದವು. ಮೇಷ್ಟ್ರು ಅಭ್ಯಾಸಬಲದಿಂದ ಕೋಲೆತ್ತಿ, "ಯಾರೂ ಮುಟ್ಟಬ್ಯಾಡ್ರಿ!" ಎಂದು ಗದರಿದರು. ಹಿಂದಿನ ಸಾಲಿನವರೆಗೂ ಕೈಗಳು ಹಿಂದೆ ಸರಿದವು.

ಗಾದೆಮ್ಮ ತನ್ನ ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು ತಟ್ಟೆ ಎತ್ತಿ ಮಕ್ಕಳ ಮುಂದೆ ಹಿಡಿದಳು.

"ಮುಟ್ರಪ್ಪಾ, ಮುಟ್ರಿ. ಕೈ ಒಣಾ ಇರ್ಲಿ, ಅಷ್ಟ."